ಪೂರ್ತಿ ಕೂತು ಕೇಳಲು ಒಂದೇ ಆಲ್ಬಮ್ ಯಾವುದು?

‘ಹಿಂದೂಸ್ತಾನಿ ಗೊತ್ತಿಲ್ಲ, ರಾಗ ಗುರುತಿಸಲು ಬರುವುದಿಲ್ಲ. ಆದರೂ ಮೊದಲಿನಿಂದ ಕೊನೆವರೆಗೆ ಕೇಳುವಂಥ ಒಂದು ಆಲ್ಬಮ್ ಹೇಳಿ’ ಎಂದು ಕೇಳುವವರು ಬಹಳ. ನನ್ನ ಉತ್ತರ ಪ್ರತಿ ಸಲವೂ ಒಂದೇ: 1967ರ ‘ಕಾಲ್ ಆಫ್ ದ ವ್ಯಾಲಿ’. ಸಂತೂರ್ (ಕಡ್ಡಿಯಿಂದ ತಟ್ಟಿ ನುಡಿಸುವ ತಂತಿವಾದ್ಯ) ಶಿವಕುಮಾರ್ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ, ಗಿಟಾರ್ ಬ್ರಿಜ್ ಭೂಷಣ್ ಕಾಬ್ರಾ, ತಬಲಾ ಮಾಣಿಕ್‌ರಾವ್ ಪೋಪಟ್ಕರ್. ಎಲ್ಲ ಸೇರಿ ಸುಮಾರು 40 ನಿಮಿಷ.

ಬಿಡಿಬಿಡಿಯಾಗಿ ಯಾಕೆ ಕೇಳಬಾರದು ಎಂದರೆ, ಇದು ಕಾಶ್ಮೀರದ ಕಣಿವೆಯ ಕುರುಬನೊಬ್ಬನ ಒಂದು ದಿನ. ಬೆಳಗಿಗೆ ಒಂದೇ ತುಣುಕಿನಲ್ಲಿ ಅಹೀರ್ ಭೈರವ್ ಮತ್ತು ನಟ್ ಭೈರವ್ ರಾಗಗಳು, ಹಗಲಿಗೆ ಪೀಲು, ಸಂಜೆಗೆ ಭೂಪ್, ರಾತ್ರಿಗೆ ದೇಸ್, ಕೊನೆಗೆ ಪಹಾಡಿ. ಶಫಲ್ ಒತ್ತಿದರೆ ರಾತ್ರಿಯಾದ ಮೇಲೆ ಬೆಳಗಾಗಿ, ಮತ್ತೆ ಸಂಜೆಗೆ ಜಾರುತ್ತದೆ.

ಮೊದಲ ತುಣುಕೊಂದರಲ್ಲೇ ಬೆಳಕು ಬದಲಾಗುವುದನ್ನು ಕಿವಿಯಲ್ಲಿ ಹಿಡಿಯಬಹುದು. ಅಹೀರ್ ಭೈರವದಲ್ಲಿ ರಿಷಭ (ರಿ), ನಿಷಾದ (ನಿ) ಎರಡೂ ಕೋಮಲ, ಅಂದರೆ ಅರ್ಧ ಮೆಟ್ಟಿಲು ತಗ್ಗಿದವು; ಧೈವತ (ಧ) ಶುದ್ಧ. ನಟ್ ಭೈರವಕ್ಕೆ ಹೊರಳಿದಾಗ ಈ ಮೂರೂ ತಿರುವುಮುರುವು: ರಿ, ನಿ ಶುದ್ಧವಾಗುತ್ತವೆ, ಧ ಕೋಮಲವಾಗುತ್ತದೆ. ಗ, ಮ, ಪ ಇದ್ದಲ್ಲೇ ಇರುತ್ತವೆ. ಕರ್ನಾಟಕ ಸಂಗೀತ ಕೇಳಿದವರಿಗೆ ಚಕ್ರವಾಕದಿಂದ ಸರಸಾಂಗಿಗೆ ದಾಟಿದ ಹಾಗೆ ಅಂದರೆ ಅಂದಾಜು ಸಿಕ್ಕೀತು. ಹೆಸರು ಗೊತ್ತಿಲ್ಲದವರೂ ‘ಷಡ್ಜದ (ಸ) ಪಕ್ಕದ ಸ್ವರ ಮೇಲೇರಿತು’ ಎಂಬಷ್ಟನ್ನು ಗಮನಿಸಿದರೆ ಸಾಕು, ಮಂಜು ಕರಗಿದ್ದು ಗೊತ್ತಾಗುತ್ತದೆ.

ಇದಕ್ಕಿಂತ ಸೊಗಸಾದದ್ದು ಎರಡನೇ ಅರ್ಧದಲ್ಲಿದೆ. ಭೂಪ್ ಎಂದರೆ ನಮ್ಮ ಮೋಹನದ ಐದು ಸ್ವರಗಳು: ಸ ರಿ ಗ ಪ ಧ. ಪಹಾಡಿಯ ಬೆನ್ನೆಲುಬೂ ಅವೇ ಐದು. ಆದರೆ ಪಹಾಡಿ ಮಂದ್ರದ (ಕೆಳಗಿನ ಸ್ಥಾಯಿಯ) ಪ, ಧಗಳ ಸುತ್ತ ಓಡಾಡಿಕೊಂಡು, ನಡುನಡುವೆ ಮ, ನಿಗಳನ್ನೂ ಸವರಿಕೊಂಡು ಹೋಗುತ್ತದೆ. ಭೂಪ್ ಕೇಳಿ ಹತ್ತಿಪ್ಪತ್ತು ನಿಮಿಷದೊಳಗೆ ಪಹಾಡಿ ಬಂದರೆ ಮಾತ್ರ ಈ ಹೋಲಿಕೆ, ಈ ದೂರ ಎರಡೂ ಮನಸ್ಸಿಗೆ ಹತ್ತುತ್ತವೆ.

ವಾದ್ಯಗಳ ವಿಷಯ. ಸಂತೂರಿನಲ್ಲಿ ನೂರರ ಆಸುಪಾಸು ತಂತಿಗಳು. ಕಡ್ಡಿಯಿಂದ ತಟ್ಟಿದ ನಾದ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ, ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು) ಎಳೆಯಲು ಬರುವುದಿಲ್ಲ. ಅದಕ್ಕೇ ಶರ್ಮಾ ಕಡ್ಡಿಯನ್ನು ತಂತಿಯ ಮೇಲೆ ಹಗುರವಾಗಿ ನಡುಗಿಸಿ ಸ್ವರವನ್ನು ಉದ್ದ ಮಾಡುತ್ತಾರೆ. ಕಾಬ್ರಾ ಗಿಟಾರಿನ ಮೇಲೆ ಉಕ್ಕಿನ ಸಲಾಕೆ ಜಾರಿಸುವುದರಿಂದ ಆ ಮೀಂಡ್ ಅಲ್ಲಿ ಧಾರಾಳ. ಕೊಳಲಿಗೆ ಉಸಿರೇ ಇದೆ. ಒಬ್ಬರಲ್ಲಿಲ್ಲದ್ದನ್ನು ಇನ್ನೊಬ್ಬರು ತುಂಬಿಕೊಡುವುದು ಈ ಆಲ್ಬಮ್ಮಿನ ಜೀವಾಳ ಎಂದೇ ನನ್ನ ನಂಬಿಕೆ. ಎರಡನೇ ಸಲ ಕೇಳುವಾಗ ಗಿಟಾರನ್ನಷ್ಟೇ ಹಿಂಬಾಲಿಸಿ. ಮೊದಲ ಸಲ ಬಹುತೇಕರ ಕಿವಿ ಕೊಳಲಿನ ಹಿಂದೆಯೇ ಹೋಗಿಬಿಡುತ್ತದೆ.

ಕೇಳುವ ಮುಂಚೆ ಫೋನಿನಲ್ಲಿ ಕೆಲವನ್ನು ಸರಿಮಾಡಿಕೊಳ್ಳಿ. ಕ್ರಾಸ್‌ಫೇಡ್ (ಒಂದು ತುಣುಕಿನ ಕೊನೆಗೆ ಮುಂದಿನದನ್ನು ಬೆರೆಸುವ ಸೆಟ್ಟಿಂಗ್) ಸೊನ್ನೆಗೆ ಇಳಿಸಿ. ಇಲ್ಲದಿದ್ದರೆ ಪೀಲುವಿನ ಬಾಲದ ಮೇಲೆ ಭೂಪ್ ಏರಿ ಕೂರುತ್ತದೆ. ಬಾಸ್ ಬೂಸ್ಟ್ ತೆಗೆಯಿರಿ. ತಬಲಾದ ಡಗ್ಗಾ (ಎಡಗೈಯ ದೊಡ್ಡ ಮದ್ದಳೆ) ಉಬ್ಬಿ ಸಂತೂರಿನ ಸಣ್ಣ ಅನುರಣನವನ್ನು ನುಂಗುತ್ತದೆ. ಆರಂಭದ ಆಲಾಪ (ತಾಳವಿಲ್ಲದ ನಿಧಾನದ ರಾಗವಿಸ್ತಾರ) ಮೆಲ್ಲಗಿದೆ ಎಂದು ವಾಲ್ಯೂಮ್ ಏರಿಸಬೇಡಿ, ತಬಲಾ ಬಂದಾಗ ಕಿವಿಗೆ ರಾಚುತ್ತದೆ. ಎಲ್‌ಪಿ ಗ್ರಾಮಫೋನ್ ರೆಕಾರ್ಡಿನಲ್ಲಿ ಪೀಲು ಮುಗಿದ ಮೇಲೆ ತಟ್ಟೆ ಮಗುಚಬೇಕಿತ್ತು. ಆ ಬಿಡುವು ಒಳ್ಳೆಯದೇ, ಅಲ್ಲಿ ಒಂದು ನಿಮಿಷ ನಿಲ್ಲಿಸಿ. ಹಗಲು ಸಂಜೆಯಾಗಲು ಅಷ್ಟು ಹೊತ್ತು ಬೇಕು.

ಇನ್ನೊಂದು ತೊಡಕು: ನಂತರದ ಸಿಡಿ ಆವೃತ್ತಿಯಲ್ಲಿ ಪಹಾಡಿಯ ಬೆನ್ನಿಗೆ ಬೇರೆ ಧ್ವನಿಮುದ್ರಣಗಳನ್ನು ಸೇರಿಸಿದ್ದಾರೆ. ಅವು ಕೆಟ್ಟವಲ್ಲ, ಆದರೆ ಈ ದಿನಕ್ಕೆ ಸೇರಿದವಲ್ಲ. ಐದನೆಯ ತುಣುಕಾದ ಪಹಾಡಿ ಮುಗಿದ ಕೂಡಲೇ ನಿಲ್ಲಿಸಿ, ಆಟೋಪ್ಲೇ ಮೊದಲೇ ಆಫ್ ಮಾಡಿಡಿ.