ಮೊದಲು ಮ್ಯಾನಿಫೋಲ್ಡ್, ಆಮೇಲೆ ಮೌಂಟಿಂಗ್

ಹಳೇ ಪಿಕಪ್‌ಗೆ ಬೇರೆ ಎಂಜಿನ್ ಕೂತಿದೆ, ಬಾನೆಟ್ ಮುಚ್ಚುತ್ತದೆ, ಇನ್ನು ಸೆಲ್ಫ್ ಹೊಡೆಯೋದೊಂದೇ ಬಾಕಿ ಅಂತ ದೀಪಾವಳಿಗೆ ಊರಿಗೆ ಹೋದಾಗ ಎಲ್ಲರ ಮುಂದೆ ಹೇಳಿಕೊಂಡಿದ್ದೆ. ಪುಣೆಗೆ ವಾಪಸ್ ಬಂದು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನೆಲ್ಲ ಕೂಡಿಸಿ ಒಂದೇ ಬಾಯಿಂದ ಸೈಲೆನ್ಸರ್ ಪೈಪಿಗೆ ಬಿಡುವ ಭಾಗ) ಹಿಡಿದು ನೋಡಿದರೆ ಅದು ಕೂರುತ್ತಲೇ ಇಲ್ಲ. ಸ್ಟೀರಿಂಗ್ ರಾಡ್ ಅಡ್ಡ. ಮ್ಯಾನಿಫೋಲ್ಡ್ ಬಾಯಿ ಸರಿಯಾಗಿ ರಾಡ್ ಹಾದುಹೋಗುವ ಜಾಗಕ್ಕೇ ಬಂದು ನಿಂತಿತ್ತು.

ಗಾಡಿ ಟಾಟಾಮೊಬೈಲ್ 206. 1988ರಲ್ಲಿ ಬಂದ ಪಿಕಪ್. ಸಿಯೆರಾ, ಎಸ್ಟೇಟ್, ಸುಮೋ ಎಲ್ಲಾ ಇದರ ಬೆನ್ನಿಗೆ ಬಂದವು. ಕಂಪನಿಯಿಂದ ಇದರಲ್ಲಿ ಬಂದದ್ದು 1948 ಸಿಸಿ ಡೀಸೆಲ್. ಕೆಟ್ಟ ಎಂಜಿನ್ ಏನಲ್ಲ, ಆದರೆ ಲೋಡ್ ಹಾಕಿಕೊಂಡು ಖಂಬಾಟ್ಕಿ ಘಾಟ್ ಹತ್ತಿಸಿದವರಿಗೆ ಗೊತ್ತು, ಹಿಂದಿನ ಲಾರಿಯವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಸುಮ್ಮನಾಗುತ್ತಾನೆ. ಈಗ ಹಾಕಿರೋದು ಸ್ಕ್ರ್ಯಾಪ್‌ನಲ್ಲಿ ಸಿಕ್ಕ ಮೂರು ಲೀಟರ್ ಡೀಸೆಲ್. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಹೇಳಿದರೆ ಮ್ಯಾನಿಫೋಲ್ಡ್ ಬಿಟ್ಟು ಅದರ ಮೇಲೇ ಜಗಳ ಶುರುವಾಗುತ್ತದೆ. ಇನ್ನೊಂದು, ಇದು ರಸ್ತೆಗೆ ಇಳಿಯುವ ಗಾಡಿ ಅಲ್ಲ, ಮುಳಶಿ ಕಡೆ ಗೆಳೆಯನ ತೋಟದೊಳಗೆ ಓಡಾಡುವುದಕ್ಕೆ. ರಸ್ತೆಗೆ ಬೇಕು ಅಂದರೆ ಆರ್‌ಟಿಒ ಅನುಮತಿ ಮೊದಲು. ಆರ್‌ಸಿಯಲ್ಲಿ ಬರೆದಿರೋದಕ್ಕೂ ಗಾಡಿಯಲ್ಲಿ ಇರೋದಕ್ಕೂ ತಾಳೆ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ.

ನನ್ನ ತಪ್ಪು ಏನು ಅಂದರೆ, ಚೈನ್ ಪುಲ್ಲಿಯಲ್ಲಿ ಎಂಜಿನ್ ಇಳಿಸಿ, ನೋಡೋಕೆ ನಡುಮಧ್ಯ ಬಂತು ಅಂತ ಖುಷಿಯಲ್ಲಿ ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಮೌಂಟಿಂಗ್ ಬ್ರಾಕೆಟ್ ಪೂರ್ತಿ ವೆಲ್ಡ್ ಮಾಡಿಸಿಬಿಟ್ಟೆ. ಮ್ಯಾನಿಫೋಲ್ಡ್ ಆಗ ಮೂಲೆಯಲ್ಲಿ ಗೋಣಿಚೀಲದ ಮೇಲೆ ಬಿದ್ದಿತ್ತು. ಭೋಸರಿಯಲ್ಲಿ ನಮ್ಮ ವಿಜಯಪುರ ಕಡೆಯ ಒಬ್ಬ ವೆಲ್ಡರ್ ಕಾಕಾ ಇದ್ದಾರೆ. ಅವರನ್ನು ಕರೆದು ತೋರಿಸಿದೆ. ಬಾನೆಟ್ ಒಳಗೆ ಒಮ್ಮೆ ಬಗ್ಗಿ ನೋಡಿದರು. "ತಮ್ಮಾ, ಮದುವಿ ಮಾಡ್ಕೊಂಡು ಆಮ್ಯಾಲೆ ಹೆಣ್ಣ ನೋಡಾಕ ಹೊಂಟೀಯೇನು?"

ಇದ್ದ ಮ್ಯಾನಿಫೋಲ್ಡನ್ನೇ ಕೊಯ್ದು ಬಾಯಿ ತಿರುಗಿಸಿ ವೆಲ್ಡ್ ಮಾಡೋಣ ಅಂದೆ. ಅವರು ಒಪ್ಪಲಿಲ್ಲ. ಅದು ಬೀಡು, ಅಂದರೆ ಎರಕದ ಕಬ್ಬಿಣ. ಮರಾಠಿಯವರೂ ಬೀಡ್ ಅಂತಲೇ ಕರೆಯುತ್ತಾರೆ, ಹಾಗಾಗಿ ಇಲ್ಲಿ ಅಂಗಡಿಯಲ್ಲಿ ಈ ಒಂದು ಪದಕ್ಕೆ ಕಷ್ಟಪಡಬೇಕಾಗಿಲ್ಲ. ಬೀಡಿನಲ್ಲಿ ನೂರಕ್ಕೆ ಸುಮಾರು ಮೂರು ಭಾಗ ಇಂಗಾಲ. ಮಾಮೂಲಿ ವೆಲ್ಡಿಂಗ್ ರಾಡ್‌ನಲ್ಲಿ ಹೊಡೆದರೆ ವೆಲ್ಡ್ ಪಕ್ಕದ ಜಾಗ ಗಾಜಿನ ಥರ ಗಟ್ಟಿಯಾಗಿ, ತಣ್ಣಗಾಗುವಾಗ ಟಿಕ್ ಅಂತ ಸೀಳುತ್ತದೆ. ನಿಕ್ಕಲ್ ರಾಡ್ ಬೇಕು, ಮೊದಲು ಇಡೀ ತುಂಡನ್ನು ಕಾಯಿಸಬೇಕು, ಆಮೇಲೆ ಬೂದಿಯಲ್ಲಿ ಹೂತಿಟ್ಟು ನಿಧಾನ ಆರಲು ಬಿಡಬೇಕು. ಇಷ್ಟೆಲ್ಲಾ ಮಾಡಿದರೂ ಗ್ಯಾರಂಟಿ ಇಲ್ಲ ಅಂದರು. ಹಾಗಾದರೆ ಬೆಂಡ್ ಪೈಪ್ ಜೋಡಿಸಿ ಹೆಡರ್, ಅಂದರೆ ಪೈಪಿನದೇ ಮ್ಯಾನಿಫೋಲ್ಡ್, ಮಾಡೋಣ ಅಂದೆ. ಅದು ಆಗುತ್ತದೆ. ಆದರೆ ವೆಲ್ಡ್ ಬಿಸಿಗೆ ಫ್ಲ್ಯಾಂಜ್ (ಎಂಜಿನ್‌ಗೆ ಬಿಗಿಯುವ ಚಪ್ಪಟೆ ಪಟ್ಟಿ) ಬಾಳೆಹಣ್ಣಿನ ಥರ ಬಾಗುತ್ತದೆ, ಬಾಗದಂತೆ ಹಳೇ ಸಿಲಿಂಡರ್ ಹೆಡ್‌ಗೆ ಬೋಲ್ಟ್ ಮಾಡಿ ಹಿಡಿದೇ ವೆಲ್ಡ್ ಮಾಡಬೇಕು, ಕೊನೆಗೆ ಮೇಲ್ಮೈ ಗ್ರೈಂಡ್ ಮಾಡಿಸಬೇಕು. ತೋಟದಲ್ಲಿ ಸೆಗಣಿ ಗೊಬ್ಬರ ಹೊರುವ ಡೀಸೆಲ್ ಗಾಡಿಗೆ ಹೆಡರ್ ಯಾಕೆ ಹೇಳಿ. ಚಂದ ಕಾಣುತ್ತದೆ, ಅಷ್ಟೇ.

ಅಮೆರಿಕದವರಿಗೆ ಇದು ಹಳೇ ಕಥೆ. ಅವರ ಚಿಕ್ಕ ಪಿಕಪ್ ಷೆವರ್ಲೆ ಎಸ್-10ಗೆ ಕಂಪನಿ ಯಾವತ್ತೂ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್, ಕೊಡಲಿಲ್ಲ, ಜನರೇ ತುರುಕಿಕೊಂಡರು. ಅಲ್ಲಿ ಸ್ಟೀರಿಂಗ್ ಎಡಕ್ಕೆ, ಹಾಗಾಗಿ ಎಡಗಡೆ ಮ್ಯಾನಿಫೋಲ್ಡ್ ತಲೆನೋವು. ನಮಗೆ ಬಲಗಡೆ. ಅವರ ಅಳತೆ ನೋಡಿ ಪೈಪ್ ಕೊಯ್ದರೆ ಕೆಟ್ಟೆವು. ಆದರೆ ಅವರ ಒಂದು ಉಪಾಯ ಮಾತ್ರ ನನಗೆ ಹಿಡಿಸಿತು. ಟಗರಿನ ಕೊಂಬಿನ ಆಕಾರದ ಹಳೇ ಬೀಡಿನ ಮ್ಯಾನಿಫೋಲ್ಡ್ ಹುಡುಕಿ ಹಾಕುತ್ತಾರೆ. ಅದರ ಬಾಯಿ ನಡುವಿನಿಂದ ನೇರ ಕೆಳಕ್ಕೆ ಇರುತ್ತದೆ, ಹಿಂದಕ್ಕಲ್ಲ. ಅಂದರೆ ಹೊಸದು ಮಾಡೋ ಮೊದಲು, ಅದೇ ಎಂಜಿನ್ ಬೇರೆ ಎಲ್ಲೆಲ್ಲಿ ಕೂತಿದೆ ನೋಡಬೇಕು. ನನ್ನ ಎಂಜಿನ್ ಜನರೇಟರ್‌ನಲ್ಲೂ ಬರುತ್ತದೆ! ಹೆಡ್ ಒಂದೇ, ಮ್ಯಾನಿಫೋಲ್ಡ್ ಬಿಗಿಯುವ ಸ್ಟಡ್ ಬೋಲ್ಟ್‌ಗಳ ಜಾಗ ಒಂದೇ, ಬಾಯಿ ಮಾತ್ರ ಮಧ್ಯದಲ್ಲಿ. ಪುಣೆಯ ಹಳೇ ಸಾಮಾನಿನ ಸಂತೆ ಜೂನಾ ಬಾಜಾರ್‌ನಲ್ಲಿ ಎರಡು ಭಾನುವಾರ ಸುತ್ತಿದೆ, ಸಿಗಲಿಲ್ಲ. ಕೊನೆಗೆ ಭೋಸರಿಯಲ್ಲೇ, ಗ್ಯಾರೇಜಿನಿಂದ ನಾಲ್ಕು ಗಲ್ಲಿ ಆಚೆ ಒಂದು ಸ್ಕ್ರ್ಯಾಪ್ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕಿತು.

ಕೂರಿಸಿದೆವು. ರಾಡ್‌ಗೂ ಅದಕ್ಕೂ ನಡುವೆ ಕಿರುಬೆರಳು ತೂರುವಷ್ಟು ಜಾಗ. ಸಾಕಲ್ಲವಾ ಅಂದೆ. ಎಂಜಿನ್ ಅಲ್ಲಾಡಿದಾಗ ಎಷ್ಟು ಜಾಗ ಉಳಿಯುತ್ತದೆ ನೋಡೋಣ, ಹಿಟ್ಟು ತಾ ಅಂದರು ಕಾಕಾ. ಮನೆಯಲ್ಲಿ ಇದ್ದದ್ದು ಜೋಳದ ಹಿಟ್ಟು, ನಾದಿ ತಂದೆ, ಮೆತ್ತಿದ ತಕ್ಷಣ ಬಿರಿದು ಉದುರಿತು. ಆಮೇಲೆ ಪಕ್ಕದ ಖಾನಾವಳಿಯಿಂದ ಒಂದು ಮುದ್ದೆ ಚಪಾತಿ ಕಣಕ ಬೇಡಿ ತಂದೆ. ಅದನ್ನು ರಾಡ್ ಮೇಲೆ ದಪ್ಪಗೆ ಮೆತ್ತಿ, ಹಾರೆಯಿಂದ ಎಂಜಿನ್ನನ್ನು ಆ ಕಡೆ ಈ ಕಡೆ ಜೋರಾಗಿ ಮೀಟಿದೆವು. ರಬ್ಬರ್ ಮೌಂಟಿಂಗ್ ಮೇಲೆ ಕೂತ ಡೀಸೆಲ್ ಎಂಜಿನ್ ಬಂದ್ ಮಾಡುವಾಗ ಹೇಗೆ ಮೈ ಒದರುತ್ತದೆ ನೋಡಿದ್ದೀರಲ್ಲ, ಅಷ್ಟು. ತೆಗೆದು ನೋಡಿದರೆ ಕಣಕದ ಒಂದು ಕಡೆ ಹಪ್ಪಳದಷ್ಟು ತೆಳ್ಳಗಾಗಿತ್ತು, ಮ್ಯಾನಿಫೋಲ್ಡ್ ಮೇಲಿನ ಎರಕದ ಅಕ್ಷರ ಉಲ್ಟಾ ಮೂಡಿತ್ತು.

ಹಾಗಾಗಿ ಮೌಂಟಿಂಗ್ ಕೊಯ್ಯಲೇಬೇಕಾಯಿತು. ಎಂಜಿನ್ ಪೂರ್ತಿ 18 ಮಿ.ಮೀ. ಎಡಕ್ಕೆ. ಓರೆ ಮಾಡಲಿಲ್ಲ, ಹಿಂದೆ ಮುಂದೆ ಒಂದೇ ಸಮ ಸರಿಸಿದೆವು, ಇಲ್ಲದಿದ್ದರೆ ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಯ ಕೋನ ಬೇರೆ ಬೇರೆಯಾಗಿ ಗಾಡಿ ನಡುಗುತ್ತದೆ. ಈ ಸಲ ಮ್ಯಾನಿಫೋಲ್ಡ್, ಸ್ಟಾರ್ಟರ್, ಸ್ಟೀರಿಂಗ್ ರಾಡ್, ಕ್ಲಚ್ ಎಲ್ಲಾ ಹಾಕಿ, ಎಂಜಿನ್ ಪುಲ್ಲಿಯಲ್ಲಿ ತೂಗಾಡುತ್ತಿರುವಾಗಲೇ ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕೆ ವೆಲ್ಡ್, ಹೊಡೆದದ್ದು.

ಬಿಗಿಯುವುದರಲ್ಲಿ ಒಂದು ಮಾತು. ಬೀಡು ಬಿಸಿಗೆ ಬೆಳೆಯುತ್ತದೆ. 45 ಸೆಂ.ಮೀ. ಉದ್ದದ ಮ್ಯಾನಿಫೋಲ್ಡ್ 500 ಡಿಗ್ರಿ ಏರಿದರೆ ಎರಡು ಮಿ.ಮೀ.ಗಿಂತ ಜಾಸ್ತಿ ಉದ್ದವಾಗುತ್ತದೆ. ಕೊನೆಯ ತೂತುಗಳನ್ನು ಸ್ವಲ್ಪ ದೊಡ್ಡದಾಗಿ ಕೊರೆದಿರೋದು ಅದಕ್ಕೇ, ಮುರಿಯುವ ಸ್ಟಡ್ ಹೆಚ್ಚಾಗಿ ತುದಿಯದೇ ಆಗಿರೋದೂ ಅದಕ್ಕೇ. ನಮ್ಮದರಲ್ಲಿ ಹಿಂದಿನ ತುದಿಯ ಸ್ಟಡ್ ಆಗಲೇ ಮುರಿದಿತ್ತು. ತುಂಡಿನ ಮೇಲೆ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿ, ಕೆಂಪಗಿರುವಾಗಲೇ ಪಾನಾ ಹಾಕಿ ತಿರುಗಿಸಿದರು, ಬೆಣ್ಣೆಯ ಹಾಗೆ ಬಂತು. ನಟ್‌ಗಳನ್ನು ನಡುವಿನಿಂದ ಶುರುಮಾಡಿ ಹೊರಗಡೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿದೆ. ಸ್ಟಡ್‌ಗೆ ಶಾಖ ತಡೆಯುವ ಗ್ರೀಸ್ ಹಚ್ಚಿದೆ. ಕೆಳಗೆ ಸೈಲೆನ್ಸರ್ ಪೈಪ್ ಚಾಸಿಗೆ ನೇತಾಡುತ್ತದೆ, ಎಂಜಿನ್ ಅಲ್ಲಾಡುತ್ತದೆ, ಆದ್ದರಿಂದ ನಡುವೆ ಒಂದು ಬೆಲ್ಲೋಸ್ (ಬಳುಕುವ ಸುಕ್ಕು ಪೈಪ್) ಬೇಕೇ ಬೇಕು. ರಾಡ್ ಪಕ್ಕಕ್ಕೆ ತಗಡಿನ ಅಡ್ಡಗೋಡೆ, ಗಾಳಿಯಾಡಲು ಸಂದು ಬಿಟ್ಟು. ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತು ಅಂತ ಒಬ್ಬ ಹೇಳಿದ, ನಾನು ಸುತ್ತಲಿಲ್ಲ. ನಮ್ಮ ಮುಳಶಿ ಮಳೆಯಲ್ಲಿ ಅದು ನೀರು ಹಿಡಿದಿಟ್ಟುಕೊಂಡು ಕೆಳಗಿನ ಪೈಪನ್ನು ತಿಂದುಹಾಕುತ್ತದೆ.

ಹೋದ ಭಾನುವಾರ ಸ್ಟಾರ್ಟ್ ಆಯಿತು. ಅರ್ಧ ಗಂಟೆ ಓಡಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಪಾನಾ ಇಟ್ಟೆ. ನಡುವಿನ ನಾಲ್ಕು ನಟ್ ಕಾಲು ಸುತ್ತು ಬಂದವು. ತೋಟಕ್ಕೆ ಹೋಗುವ ಮೊದಲು ಇನ್ನೊಮ್ಮೆ ಬಿಸಿ ಮಾಡಿ ನೋಡಬೇಕು. ಖಾನಾವಳಿಯವರು ಮಾತ್ರ ಕಣಕ ಯಾವಾಗ ವಾಪಸ್ ಅಂತ ಕೇಳುತ್ತಿದ್ದಾರೆ.