ಪಕ್ಕದ ಮನೆ ಹುಡುಗ, ಅವನ ಕಪ್ಪು ಲ್ಯಾಬ್ರಡಾರ್

ಕೆನಡಾದ ವಾಟರ್ಲೂನಲ್ಲಿ ನಮ್ಮ ಪಕ್ಕದ ಮನೆಯವರು ದಾವಣಗೆರೆ ಕಡೆಯವರು. ಅವರ 7 ವರ್ಷದ ಮಗನಿಗೆ ಆಟಿಸಂ ಇದೆ, ಮಿದುಳು ಬೇರೆ ರೀತಿ ಬೆಳೆಯುವ ಸ್ಥಿತಿ ಅದು. ಮಾತು ಕಡಿಮೆ, ಓಟ ಜಾಸ್ತಿ. ಬಾಗಿಲು ಒಂಚೂರು ತೆರೆದಿದ್ದರೂ ಸಾಕು, ಬರಿಗಾಲಲ್ಲೇ ರಸ್ತೆಗೆ ಇಳಿಯುತ್ತಿದ್ದ. ಹೊರಗೆ ಮೈನಸ್ 15 ಇದ್ದರೂ ಅಷ್ಟೇ. ಅವರ ಬಾಗಿಲ ಮೇಲ್ಗಡೆ ಇರುವ ಇನ್ನೊಂದು ಚಿಲಕ ಕಳ್ಳರಿಗಲ್ಲ, ಇವನಿಗೆ ಹಾಕಿಸಿದ್ದು.

ಕಳೆದ ವರ್ಷ ಆ ಮನೆಗೆ ಒಂದು ಕಪ್ಪು ಲ್ಯಾಬ್ರಡಾರ್ ಬಂತು. ಊರಿಗೆ ಫೋನ್ ಮಾಡಿ ಹೇಳಿದರೆ ಎಲ್ಲರದೂ ಒಂದೇ ಮಾತು: "ಓ, ಮಗು ಜೊತೆ ಆಡೋಕೆ ನಾಯಿ ತಂದ್ರಾ?" ಆಟ ಆಮೇಲೆ. ಈ ನಾಯಿಗೆ ಮೊದಲು ಕೆಲಸ ಇದೆ.

ಹೊರಗೆ ಹೊರಟಾಗ ನಾಯಿಗೆ ಒಂದು ಜಾಕೆಟ್ ಹಾಕುತ್ತಾರೆ. ಹುಡುಗನ ಸೊಂಟದ ಬೆಲ್ಟಿನಿಂದ ಆ ಜಾಕೆಟ್ಟಿಗೆ ಒಂದು ಪಟ್ಟಿ. ನಾಯಿಯ ಹಗ್ಗ ಅಮ್ಮನ ಕೈಯಲ್ಲಿ, ಅಪ್ಪಣೆ ಕೊಡುವವರೂ ಅವರೇ. ಹುಡುಗ ಓಡಲು ಜಗ್ಗಿದ ಕೂಡಲೇ ನಾಯಿ ನಾಲ್ಕೂ ಕಾಲು ಊರಿ ನಿಂತುಬಿಡುತ್ತದೆ. ಬೊಗಳಲ್ಲ, ಎಳೆಯಲ್ಲ, ಸುಮ್ನೆ ನಿಲ್ಲುತ್ತದೆ. ನಾಯಿ 30 ಕಿಲೋ, ಹುಡುಗ 22 ಕಿಲೋ. ಅವನು ಬೆಳೆದು ನಾಯಿಗಿಂತ ಭಾರವಾದರೆ ಈ ಪಟ್ಟಿ ಕೆಲಸಕ್ಕೆ ಬರುವುದಿಲ್ಲ.

ಮಗುವನ್ನು ನಾಯಿಗೆ ಕಟ್ಟೋದಾ ಅಂತ ಮೂಗು ಮುರಿಯುವವರು ಇಲ್ಲೂ ಇದ್ದಾರೆ. ಆಟಿಸಂ ಇರುವ ದೊಡ್ಡವರಲ್ಲೇ ಕೆಲವರು ಇದನ್ನು ಒಪ್ಪುವುದಿಲ್ಲ, ಅವರ ಮಾತನ್ನು ತಳ್ಳಿಹಾಕುವ ಹಾಗೂ ಇಲ್ಲ. ಆದರೆ ಮುಂಚೆ ಅವರಪ್ಪ ದಾರಿಯುದ್ದಕ್ಕೂ ಅವನ ಮಣಿಕಟ್ಟು ಹಿಡಿದುಕೊಂಡೇ ನಡೆಯುತ್ತಿದ್ದರು. ಮನೆಗೆ ಬರುವಷ್ಟರಲ್ಲಿ ಕೈ ಕೆಂಪಗಾಗಿರುತ್ತಿತ್ತು. ಈಗ ಅವನ ಎರಡೂ ಕೈ ಅವನವೇ. ಬೆರಳು ಆಡಿಸುತ್ತಾ, ಹಿಮ ಒದೆಯುತ್ತಾ ನಡೆಯುತ್ತಾನೆ. ನನ್ನ ಓಟು ಬೆಲ್ಟಿಗೇ.

ಈ ಕೆಲಸಕ್ಕೆ ನಾಯಿಗಳನ್ನು ತಯಾರು ಮಾಡುವುದರಲ್ಲಿ ನಮ್ಮ ಈ ಕಡೆಯದು ಹಳೇ ಹೆಸರು. ಪಕ್ಕದ ಕೇಂಬ್ರಿಡ್ಜ್ ಊರಿನ ನ್ಯಾಷನಲ್ ಸರ್ವಿಸ್ ಡಾಗ್ಸ್ ಸಂಸ್ಥೆ ಶುರುವಾಗಿದ್ದು 1996ರಲ್ಲಿ. ಆಟಿಸಂ ಇರುವ ಮಕ್ಕಳಿಗೆ ಅಂತಲೇ ನಾಯಿ ಕೊಡಲು ಮೊದಲು ಮುಂದಾದವರಲ್ಲಿ ಅವರೂ ಒಬ್ಬರು. ಮರಿಗಳನ್ನು ಸ್ವಯಂಸೇವಕರು ಒಂದು ವರ್ಷಕ್ಕೂ ಜಾಸ್ತಿ ತಮ್ಮ ಮನೆಯಲ್ಲೇ ಸಾಕುತ್ತಾರೆ. ಬಸ್ಸು, ಅಂಗಡಿ, ಲಿಫ್ಟು ಎಲ್ಲಾ ಅಭ್ಯಾಸ ಮಾಡಿಸುತ್ತಾರೆ. ಆಮೇಲೆ ಅಳುತ್ತಾ ವಾಪಸ್ ಕೊಡುತ್ತಾರೆ. ನನ್ನ ಕೈಲಂತೂ ಆಗದ ಕೆಲಸ.

ನವೆಂಬರ್‌ನಲ್ಲಿ ಕನ್ನಡ ರಾಜ್ಯೋತ್ಸವಕ್ಕೆ ಆ ಮನೆಯವರೂ ಬಂದರು. ಎಷ್ಟೋ ಕಾಲದಿಂದ ಅವರು ಇಂಥದ್ದಕ್ಕೆಲ್ಲ ಬರುವುದನ್ನೇ ಬಿಟ್ಟಿದ್ದರು. ಹಾಲ್ ತುಂಬ ಪಿಸುಪಿಸು: "ನಾಯಿನ ಯಾಕೆ ಒಳಗೆ ಕರ್ಕೊಂಡು ಬಂದ್ರು?" ಮಕ್ಕಳು ಮುಟ್ಟಲು ಓಡಿದವು. "ಈಗ ಅದು ಡ್ಯೂಟಿಲಿದೆ ಪುಟ್ಟಾ, ಮುಟ್ಟಬಾರದು" ಅಂತ ಅಮ್ಮ ಹೇಳಿಹೇಳಿ ಸುಸ್ತಾದರು.

ಡೊಳ್ಳು ಕುಣಿತ ಶುರುವಾಯಿತು. ಮೊದಲ ಪೆಟ್ಟಿಗೇ ಹುಡುಗ ಕುರ್ಚಿಯಿಂದ ಜಾರಿ ನೆಲದಲ್ಲಿ ಕೂತು ಕಿವಿ ಮುಚ್ಚಿಕೊಂಡ. ಅಮ್ಮ ಒಂದು ಮಾತು ಹೇಳಿದರು. ನಾಯಿ ಹೋಗಿ ಅವನ ತೊಡೆಯ ಮೇಲೆ ಅಡ್ಡಲಾಗಿ ಮಲಗಿತು, ಪೂರ್ತಿ ಭಾರ ಬಿಟ್ಟು. ಬೇರೆಯವರು ಮುಟ್ಟಿದರೆ ಕೊಸರುವ ಹುಡುಗ ಇವನು. ಆದರೆ ಮೈಮೇಲೆ ಒಂದೇ ಸಮ ಬೀಳುವ ತೂಕ ಇಂಥ ಹಲವು ಮಕ್ಕಳಿಗೆ ಹಿತ. ಅವನು ಕಿವಿಯಿಂದ ಒಂದು ಕೈ ತೆಗೆದ. ನಾಯಿಯ ಕಿವಿಯಂಚನ್ನು ಎರಡು ಬೆರಳ ಮಧ್ಯೆ ಹಿಡಿದು ಉಜ್ಜತೊಡಗಿದ, ಅಜ್ಜಿಯಂದಿರು ಸೀರೆಯ ಬಟ್ಟೆ ನೋಡುವ ಹಾಗೆ. ನಾಯಿಯ ಮುಖ ಅವನು ನೋಡಲಿಲ್ಲ. ನಾಯಿಯೂ ಅವನನ್ನು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಎಲ್ಲರೂ ಮನೆಗೆ ಹೊರಟರು. ಕಾರ್ಯಕ್ರಮ ಅರ್ಧ ಆಗಿತ್ತು. ಆದರೂ ಅವರಮ್ಮನ ಮುಖ ನೋಡಬೇಕಿತ್ತು. ಅಳು, ಗಲಾಟೆ ಇಲ್ಲದೆ ಹೊರಟ ಮೊದಲ ಹಬ್ಬವಂತೆ.

ಹಾಗಂತ ನಾಯಿ ಬಂದರೆ ಆಟಿಸಂ ಹೋಗುತ್ತೆ ಅಂತಲ್ಲ. ಅದು ಹೋಗುವಂಥದ್ದೂ ಅಲ್ಲ. ನಾಯಿಯ ವಾಸನೆ, ಬೊಗಳು ಆಗದ ಮಕ್ಕಳೂ ಬೇಕಾದಷ್ಟಿದ್ದಾರೆ. ಆದರೆ 2010ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 42 ಮಕ್ಕಳ ಮೇಲೆ ಮಾಡಿದ ಅಧ್ಯಯನ ನನಗೆ ಕುತೂಹಲ ಹುಟ್ಟಿಸಿತು. ಬೆಳಗ್ಗೆ ಎದ್ದ ಮೇಲೆ ಹೆಚ್ಚಿನವರ ಮೈಯಲ್ಲಿ ಕಾರ್ಟಿಸಾಲ್ ಏರುತ್ತದೆ, ಒತ್ತಡಕ್ಕೆ ಸಂಬಂಧಪಟ್ಟ ಹಾರ್ಮೋನು ಅದು. ನಾಯಿ ಬರುವ ಮೊದಲು ಈ ಮಕ್ಕಳಲ್ಲಿ ಆ ಏರಿಕೆ ಶೇ. 58 ಇತ್ತು. ನಾಯಿ ಮನೆಯಲ್ಲಿದ್ದಾಗ ಶೇ. 10ಕ್ಕೆ ಇಳಿಯಿತು. ಆಮೇಲೆ ನಾಯಿಯನ್ನು ಸ್ವಲ್ಪ ದಿನ ದೂರ ಮಾಡಿದರು, ಮತ್ತೆ ಶೇ. 48.

ಈ 48 ಪಕ್ಕದ ಮನೆಯವರ ನಿದ್ದೆ ಕೆಡಿಸಿದೆ. ಬೇಸಿಗೆ ರಜೆಗೆ ದಾವಣಗೆರೆಗೆ ಹೋಗಬೇಕು ಅಂತ ಆಸೆ. ನಾಯಿಯನ್ನು ಕರೆದೊಯ್ಯೋಣ ಅಂದರೆ ಅಷ್ಟುದ್ದದ ವಿಮಾನ, ಬಿಸಿಲು, ಬೀದಿ ತುಂಬ ಬೇರೆ ನಾಯಿಗಳು. ಹೋಟೆಲಿನವರು ಒಳಗೆ ಬಿಡ್ತಾರೋ ಇಲ್ವೋ. ಬಿಟ್ಟು ಹೋಗೋಣ ಅಂದರೆ ಹುಡುಗನ ಗತಿ? ಅವರಪ್ಪ ಟಿಕೆಟ್ ದರ ನೋಡುತ್ತಾರೆ, ಲ್ಯಾಪ್‌ಟಾಪ್ ಮುಚ್ಚುತ್ತಾರೆ.

ಅಜ್ಜಿಯನ್ನೇ ಮತ್ತೆ ಇಲ್ಲಿಗೆ ಕರೆಸುವ ಮಾತು ಈಗ ನಡೆದಿದೆ. ಅವರಿಗೆ ಸೂಪರ್ ವೀಸಾ ಇದೆ, ಇಲ್ಲಿರುವವರ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರು ಬಂದು ಬಹಳ ಕಾಲ ಇರಲು ಕೊಡುವ ವೀಸಾ ಅದು. ಹೋದ ಸಲ ಬಂದಾಗ ಮಡಿಯಲ್ಲಿದ್ದಾಗ ನಾಯಿ ದೇವರಕೋಣೆಯತ್ತ ಸುಳಿಯುವ ಹಾಗಿರಲಿಲ್ಲ, ಆದರೆ ಅದರ ಊಟದ ಹೊತ್ತು ಮಾತ್ರ ಒಂದು ದಿನವೂ ಮರೆತವರಲ್ಲ. ಚಳಿ ಪೂರ್ತಿ ಹೋಗಲಿ, ಆಮೇಲೆ ನೋಡೋಣ ಅಂದಿದ್ದಾರಂತೆ.