“ಟಿಜೆಗೆ ಮಗಳನ್ನ ಯಾವ ಕೋಚಿಂಗ್‌ಗೆ ಹಾಕಿದ್ರಿ?”

ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡದವರು ನನ್ನನ್ನು ಕಂಡರೆ ಕೇಳುವ ಪ್ರಶ್ನೆ ಇದು. ಟಿಜೆ ಅಂದರೆ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿರುವ ಥಾಮಸ್ ಜೆಫರ್ಸನ್ ಹೈಸ್ಕೂಲ್ ಫಾರ್ ಸೈನ್ಸ್ ಅಂಡ್ ಟೆಕ್ನಾಲಜಿ. 1985ರಲ್ಲಿ ಶುರುವಾದದ್ದು. ಗಣಿತ, ವಿಜ್ಞಾನದ ಹುಚ್ಚಿರುವ ಮಕ್ಕಳಿಗೆಂದೇ ಇರುವ ಸರ್ಕಾರಿ ಶಾಲೆ. ಯಾವ ಕೋಚಿಂಗಿಗೂ ಹಾಕಲಿಲ್ಲ ಅಂದರೆ ಯಾರೂ ನಂಬುವುದಿಲ್ಲ, ಗುಟ್ಟು ಬಿಟ್ಟುಕೊಡುತ್ತಿಲ್ಲ ಅಂದುಕೊಳ್ಳುತ್ತಾರೆ. ಅದಕ್ಕೇ ಬರೆದುಬಿಡುತ್ತೇನೆ.

ನೀವು ಕೇಳುತ್ತಿರುವುದು ಹಳೆಯ ಟಿಜೆಯ ವಿಷಯ. ಆಗ ಪ್ರವೇಶ ಪರೀಕ್ಷೆ ಇತ್ತು, 100 ಡಾಲರ್ ಅರ್ಜಿ ಶುಲ್ಕ ಇತ್ತು, ಅದರ ಬೆನ್ನಿಗೆ ವಾರಾಂತ್ಯದ ಪ್ರೆಪ್ ಕ್ಲಾಸುಗಳು ಇದ್ದವು. ಸಿಇಟಿ ಬರೆದು ಬಂದ ನಮಗೆ ಅದು ಅರ್ಥವಾಗುವ ಆಟ. 2020ರ ಕೊನೆಯಲ್ಲಿ ಸ್ಕೂಲ್ ಬೋರ್ಡು ಪರೀಕ್ಷೆಯನ್ನೂ ಶುಲ್ಕವನ್ನೂ ತೆಗೆದುಹಾಕಿತು. ಈಗ ಜಿಪಿಎ, ಅಂದರೆ ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ, 3.5 ಇದ್ದರೆ ಅರ್ಜಿ ಹಾಕಬಹುದು. ಆಮೇಲೆ ಮಗು ತನ್ನ ಬಗ್ಗೆ ಒಂದಿಷ್ಟು ಬರೆಯಬೇಕು. ಗಣಿತದ್ದೋ ವಿಜ್ಞಾನದ್ದೋ ಸಮಸ್ಯೆ ಬಿಡಿಸಿ, ಹೇಗೆ ಬಿಡಿಸಿದೆ ಎಂದು ಪ್ರಬಂಧವನ್ನೂ ಬರೆಯಬೇಕು. ಎರಡೂ ಮೇಲ್ವಿಚಾರಣೆಯಲ್ಲಿ, ನಿಗದಿತ ಸಮಯದೊಳಗೆ. ಓದುವವರಿಗೆ ಹೆಸರು ಕಾಣುವುದಿಲ್ಲ, ನಂಬರ್ ಮಾತ್ರ. ಬಡ ಮನೆಯ ಮಕ್ಕಳಿಗೆ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರಿಗೆ ಹೆಚ್ಚುವರಿ ಅಂಕ ಉಂಟು. ರ‍್ಯಾಂಕ್ ಲಿಸ್ಟ್ ಇಲ್ಲ, ಕಟಾಫ್ ಇಲ್ಲ. ನಮ್ಮವರ ತಲೆ ಕೆಡುವುದು ಇಲ್ಲೇ.

ಅದಕ್ಕಿಂತ ದೊಡ್ಡ ಬದಲಾವಣೆ ಸೀಟು ಹಂಚಿಕೆಯದು. ಊರಲ್ಲಿ ನವೋದಯ ವಿದ್ಯಾಲಯ ಗೊತ್ತಿರುವವರಿಗೆ ಬೇಗ ಹೊಳೆಯುತ್ತದೆ: ಜಿಲ್ಲೆಗೊಂದು ಶಾಲೆ, ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ. ಇಲ್ಲೂ ಪ್ರತಿ ಸರ್ಕಾರಿ ಮಿಡ್ಲ್ ಸ್ಕೂಲಿನ ಎಂಟನೇ ತರಗತಿಯ ಮಕ್ಕಳ ಸಂಖ್ಯೆಯ ಶೇ 1.5ರಷ್ಟು ಟಿಜೆ ಸೀಟು ಆ ಶಾಲೆಯ ಮಕ್ಕಳಿಗೇ ಮೀಸಲು. ಎಂಟನೆಯಲ್ಲಿ 400 ಮಕ್ಕಳಿದ್ದರೆ 6 ಸೀಟು. ಅಂದರೆ ನಿಮ್ಮ ಮಗುವಿನ ಮೊದಲ ಪೈಪೋಟಿ ಪಕ್ಕದ ಬೆಂಚಿನವರ ಜೊತೆ. ಉಳಿದ ಸೀಟುಗಳಿಗೆ ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಖಾಸಗಿ ಶಾಲೆಯವರಿಗೆ ಇರುವುದು ಈ ಬಾಗಿಲು ಮಾತ್ರ. ಟಿಜೆಗೆ ಅನುಕೂಲವಾಗಲಿ ಎಂದು ಮಗುವನ್ನು ಖಾಸಗಿ ಶಾಲೆಗೆ ಹಾಕಿದವರನ್ನು ನಾನು ಬಲ್ಲೆ. ಲೆಕ್ಕ ಉಲ್ಟಾ ಆಯಿತು. ಒಳ್ಳೆಯ ಹೆಸರಿರುವ ಮಿಡ್ಲ್ ಸ್ಕೂಲಿನ ಏರಿಯಾದಲ್ಲೇ ಮನೆ ಹುಡುಕುವವರು ಕೂಡ ಇದನ್ನೊಮ್ಮೆ ಯೋಚಿಸಬೇಕು. ಅಲ್ಲಿ ಆ ಆರು ಸೀಟಿಗೆ ಎಷ್ಟು ಮಂದಿ ಕಾದಿರುತ್ತಾರೋ ನೋಡಿ.

ಹೊಸ ನಿಯಮದ ಮೊದಲ ವರ್ಷ, 2021ರಲ್ಲಿ, 550 ಸೀಟಿಗೆ 3,034 ಅರ್ಜಿ ಬಂದವು. ಏಷ್ಯನ್ ಮಕ್ಕಳ ಪಾಲು ಶೇ 73ರಿಂದ 54ಕ್ಕೆ ಇಳಿಯಿತು. ‘ಕೊಯಲಿಷನ್ ಫಾರ್ ಟಿಜೆ’ ಹೆಸರಲ್ಲಿ ಪಾಲಕರು ಕೋರ್ಟಿಗೆ ಹೋದರು. 2022ರಲ್ಲಿ ಕೆಳ ನ್ಯಾಯಾಲಯದಲ್ಲಿ ಗೆದ್ದರು, 2023ರಲ್ಲಿ ಮೇಲ್ಮನವಿಯಲ್ಲಿ ಸೋತರು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನೇ ಎತ್ತಿಕೊಳ್ಳಲಿಲ್ಲ. ಆದ್ದರಿಂದ ‘ಪರೀಕ್ಷೆ ಮತ್ತೆ ಬರುತ್ತದಂತೆ’ ಎಂಬ ವಾಟ್ಸ್ಯಾಪ್ ಸುದ್ದಿ ನಂಬಿ ಪ್ರೆಪ್ ಕ್ಲಾಸಿಗೆ ದುಡ್ಡು ಕಟ್ಟಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಎಲ್ಲ ಶಾಲೆಗೂ ಸೀಟು ಇಟ್ಟದ್ದು ಸರಿಯೇ. ಬಡ ಏಷ್ಯನ್ ಮನೆಗಳ ಮಕ್ಕಳು ಆ ವರ್ಷವೇ ಒಬ್ಬರಿಂದ 51ಕ್ಕೆ ಏರಿದರು, ಇದನ್ನು ನಮ್ಮವರು ಯಾರೂ ಹೇಳುವುದಿಲ್ಲ. ಪರೀಕ್ಷೆಯನ್ನು ಪೂರ್ತಿ ಕಿತ್ತುಹಾಕಿದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಲೆಕ್ಕದಲ್ಲಿ ಚುರುಕಾಗಿದ್ದು ತನ್ನ ಬಗ್ಗೆ ಬರೆ ಅಂದರೆ ಮುದುಡಿಕೊಳ್ಳುವ ಮಗುವಿಗೆ ಈಗ ಕಷ್ಟ.

ಹಾಗಾದರೆ ಏನು ಮಾಡಬೇಕು? ಎಂಟನೇ ತರಗತಿಯಲ್ಲಿ ಆಲ್ಜೀಬ್ರಾ 1 ಅಥವಾ ಅದಕ್ಕಿಂತ ಮುಂದಿನದನ್ನು ಓದುತ್ತಿರಬೇಕು, ವಿಜ್ಞಾನದಲ್ಲಿ ಆನರ್ಸ್, ಅಂದರೆ ಮೇಲ್ಮಟ್ಟದ ತರಗತಿ, ಇರಬೇಕು. ಆ ದಾರಿ ಹಿಡಿಯಬೇಕಾದದ್ದು ಆರು, ಏಳರಲ್ಲೇ, ಆದ್ದರಿಂದ ಕೌನ್ಸೆಲರ್ ಹತ್ತಿರ ಆಗಲೇ ಮಾತಾಡಿ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಟ್ಟುಪಾಡು: ಉತ್ತರ ಸಿಕ್ಕಿತು ಅಂದರೆ ಸಾಲದು, ಅದು ಹೇಗೆ ಬಂತೆಂದು ಅಪ್ಪನಿಗೆ ಬಾಯಲ್ಲಿ ಹೇಳಬೇಕು. ಅಪ್ಪನಿಗೆ ಗಣಿತ ಅಷ್ಟಕ್ಕಷ್ಟೇ, ಹಾಗಾಗಿ ಅವಳು ಬಿಡಿಸಿ ಬಿಡಿಸಿ ಹೇಳಬೇಕಾಗುತ್ತಿತ್ತು. ಪ್ರಬಂಧ ಕೇಳುವುದೂ ಅದನ್ನೇ.

ಮಗುವಿಗೆ ಇಷ್ಟವಿದೆಯೇ ಎಂದು ಕೇಳಿದ್ದೀರಾ? ಲೌಡನ್, ಪ್ರಿನ್ಸ್ ವಿಲಿಯಂ ಕೌಂಟಿಗಳಿಂದ ಬರುವ ಮಕ್ಕಳು ಬಸ್ಸಿನಲ್ಲೇ ದಿನದ ದೊಡ್ಡ ಪಾಲು ಕಳೆಯುತ್ತಾರೆ. ಹನ್ನೆರಡನೆಯಲ್ಲಿ ಎಲ್ಲರೂ ಲ್ಯಾಬಿನಲ್ಲಿ ಸ್ವಂತ ಸಂಶೋಧನೆ ಮಾಡಲೇಬೇಕು. ಅದು ಬೇಡದ ಮಗುವಿಗೆ ಮನೆ ಹತ್ತಿರದ ಹೈಸ್ಕೂಲಿನ ಎಪಿ (ಕಾಲೇಜು ಮಟ್ಟದ) ತರಗತಿಗಳೇ ವಾಸಿ. ಲೌಡನ್‌ನವರಿಗೆ ಲೀಸ್‌ಬರ್ಗಿನಲ್ಲಿ ಅಕಾಡೆಮೀಸ್ ಆಫ್ ಲೌಡನ್ ಎಂಬ ವಿಜ್ಞಾನ, ತಂತ್ರಜ್ಞಾನದ ಸರ್ಕಾರಿ ಶಾಲೆ ಇದೆ, ಅಲ್ಲಿಗೆ ದಿನ ಬಿಟ್ಟು ದಿನ ಹೋದರೆ ಸಾಕು. ಸೀಟು ಸಿಗದೆಯೂ ಆಸೆ ಉಳಿದಿದ್ದರೆ, ಒಂಬತ್ತರಲ್ಲಿದ್ದಾಗ ಟಿಜೆಯ ಹತ್ತನೇ ತರಗತಿಗೆ ಮತ್ತೆ ಅರ್ಜಿ ಹಾಕಬಹುದು. ಸೀಟು ಕೆಲವೇ, ಆದರೂ ಕೇಳಿಕೊಂಡು ಬರುವವರೂ ಕಡಿಮೆ.